ಒಂದು ಹಗಲಿನ ದಿಲ್ಲಿ

ದಿಲ್ಲಿಯನ್ನು ಒಂದೇ ಹಗಲಿನಲ್ಲಿ ನೋಡಬೇಕಾದ ಸಂದರ್ಭ ನಮ್ಮ ನಾಡಿನಿಂದ ಹೋಗುವ ಬಹುಮಂದಿಗೆ ಒದಗುತ್ತದೆ. ಹರಿದ್ವಾರ ಬದರಿಗಳಿಗೆ ಹೊರಟ ಯಾತ್ರಿಕರಿಗೆ ನಡುವೆ ಒಂದು ದಿನ ಬಿಡುವಾಗುತ್ತದೆ. ಮಗನನ್ನೋ ಮಗಳನ್ನೋ ವಿಶ್ವವಿದ್ಯಾನಿಲಯಕ್ಕೆ ಸೇರಿಸಲು ಬಂದ ತಾಯಿತಂದೆಗಳಿಗೆ ಮರಳುವ ರೈಲಿಗೆ ಮುನ್ನ ಒಂದು ದಿನ ಮಿಗುತ್ತದೆ. ಕಚೇರಿಯ ಕಾರ್ಯಾರ್ಥವಾಗಿ ಬಂದವರಿಗೆ ಒಂದು ಶನಿವಾರ ದಕ್ಕುತ್ತದೆ. ಇಂಥವರ ಅನುಕೂಲಕ್ಕಾಗಿ, ಹತ್ತಾರು ಮಂದಿ ಅಪರಿಚಿತರನ್ನು ಒಂದು ಬಸ್ಸಿನಲ್ಲಿ ಕೂಡಿಸಿ ಗಡಿಯಾರ ಹಿಡಿದು ತಿರುಗಿಸುವ ಹಳೆಯ ಕ್ರಮವನ್ನು ಬಿಟ್ಟು, ಒಂದು ಕುಟುಂಬಕ್ಕೆ ಒಬ್ಬ ಗೈಡನ್ನು ಪ್ರತ್ಯೇಕವಾಗಿ ಒದಗಿಸಿ, ನೋಡತಕ್ಕ ಸ್ಥಳಗಳನ್ನು ಅವರವರ ಇಚ್ಛಾನುಸಾರ ಗೊತ್ತುಪಡಿಸುವ ಪದ್ಧತಿಯೊಂದು ಈಗ ರೂಢವಾಗಿದೆ. ಪದ್ಧತಿ ಒಳ್ಳೆಯದು. ಆದರೆ ನಿಮ್ಮ ಇಚ್ಛೆಯೇನೆಂದು ಗೈಡು ಕೇಳಿದಾಗ ನಾವು ಸಾಮಾನ್ಯವಾಗಿ ಒಪ್ಪಿಸುವ ಪಟ್ಟಿಯನ್ನು ಪರಿಶೀಲಿಸಿದರೆ, ಅದು ಆ ಬಸ್ಸಿನವರು ಅಚ್ಚುಹಾಕಿಸಿದ ಪಟ್ಟಿಗಿಂತ ಬೇರೆಯಾಗಿರುವುದಿಲ್ಲ: ಕೆಂಪುಕೋಟೆ, ಜಾಮಾ ಮಸೀದಿ, ರಾಜಘಾಟ್, ಇಂಡಿಯಾ ಗೇಟ್, ರಾಷ್ಟ್ರಪತಿ ಭವನ, ಹುಮಾಯೂನನ ಸಮಾಧಿ, ಕುತುಬ್ ಮಿನಾರ್, ಲೋಟಸ್ ಟೆಂಪಲ್, ಅಕ್ಷರಧಾಮ, ಸಂಜೆಗೆ ಕರೋಲ್ ಬಾಗಿನಲ್ಲಿ ವ್ಯಾಪಾರ. ಹೆಚ್ಚು ಹಣ ತೆತ್ತು ಅದೇ ಆಯಾಸವನ್ನು ಕೊಂಡಂತಾಯಿತೇ ಹೊರತು ಮತ್ತೇನೂ ಆಗಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತನಗಾಗಿಯೇ ಏರ್ಪಟ್ಟ ದಿನವೊಂದರಲ್ಲಿ ಪ್ರವಾಸಿಗೆ ದೊರೆಯುವ ಅತ್ಯಂತ ದೊಡ್ಡ ಅಧಿಕಾರವೆಂದರೆ ಬಿಡುವ ಅಧಿಕಾರ. ಬಸ್ಸಿನಲ್ಲಿ ಕುಳಿತವನಿಗೆ ಅದಿಲ್ಲ. ಅವನು ಮೂವತ್ತು ಮಂದಿಯ ಸರಾಸರಿ ಕುತೂಹಲಕ್ಕೆ ತನ್ನ ಕುತೂಹಲವನ್ನು ಒಪ್ಪಿಸಿದವನು. ಪ್ರತ್ಯೇಕವಾಗಿ ಗೈಡನ್ನು ಗೊತ್ತುಮಾಡಿಕೊಂಡವನಾದರೋ ಇಂಡಿಯಾ ಗೇಟನ್ನು ನೋಡದೆ ಊರಿಗೆ ಮರಳಬಲ್ಲನು, ಒಂದು ಬಾವಿಯ ಮೆಟ್ಟಿಲಮೇಲೆ ಅರ್ಧ ಗಂಟೆ ಕುಳಿತಿರಬಲ್ಲನು, ಒಂದು ಕಂಬದ ಮುಂದೆ ನಿಂತು ಕೇಳಿದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಬಲ್ಲನು. ಈ ಅಧಿಕಾರವನ್ನು ಚಲಾಯಿಸದಿದ್ದರೆ ಪ್ರತ್ಯೇಕ ಏರ್ಪಾಟಿಗೆ ಅರ್ಥವಿಲ್ಲ. ಚಲಾಯಿಸಬೇಕಾದರೆ ದಿಲ್ಲಿಯ ಮೈಯನ್ನು ಸ್ವಲ್ಪ ತಿಳಿದಿರಬೇಕು.

ದಿಲ್ಲಿ ಎಂಬ ಹೆಸರಿನ ಕೆಳಗೆ ಹಲವು ರಾಜಧಾನಿಗಳು ಒಂದರ ಪಕ್ಕದಲ್ಲೊಂದು ಮಲಗಿವೆ. ದಕ್ಷಿಣದ ಮೆಹ್ರೌಲಿಯಲ್ಲಿ ತೋಮರರ ಲಾಲ್ ಕೋಟ್, ಅದನ್ನು ವಿಸ್ತರಿಸಿದ ಚೌಹಾಣರ ಕಿಲಾ ರಾಯ್ ಪಿಥೋರಾ; ಅಲ್ಲಿಂದ ಈಚೆಗೆ ಅಲ್ಲಾವುದ್ದೀನ್ ಖಿಲ್ಜಿಯ ಸಿರಿ; ಪೂರ್ವದ ಬಂಡೆಗಳಮೇಲೆ ಘಿಯಾಸುದ್ದೀನನ ತುಘಲಕಾಬಾದ್; ಅವನ ಮಗ ಮಹಮ್ಮದ್ ಬಿನ್ ತುಘಲಕನ ಜಹಾನ್‌ಪನಾಹ್; ಯಮುನೆಯ ದಡದಲ್ಲಿ ಫಿರೋಜ್ ಷಹನ ಫಿರೋಜಾಬಾದ್; ಹುಮಾಯೂನನೂ ಅವನನ್ನು ಓಡಿಸಿದ ಶೇರ್ ಷಹನೂ ಕಟ್ಟಿದ ಪುರಾನಾ ಕಿಲಾ; ಉತ್ತರದಲ್ಲಿ ಷಹಜಹಾನನ ಷಹಜಹಾನಾಬಾದ್; ಕಟ್ಟಕಡೆಗೆ 1911ರ ದರ್ಬಾರಿನಲ್ಲಿ ಘೋಷಿತವಾಗಿ 1931ರಲ್ಲಿ ಉದ್ಘಾಟಿತವಾದ ಹೊಸದಿಲ್ಲಿ. ದಕ್ಷಿಣದ ಕುತುಬ್ ಮಿನಾರಿಗೂ ಉತ್ತರದ ಕೆಂಪುಕೋಟೆಗೂ ನಡುವೆ ಸುಮಾರು 20 ಕಿಲೋಮೀಟರ್ ಅಂತರವಿದೆ. ವಾಹನಸಂದಣಿಯ ಹೊತ್ತಿನಲ್ಲಿ ಅದಕ್ಕೆ ಒಂದು ಗಂಟೆ ಸಾಲದಿರುವುದೂ ಉಂಟು. ಚಳಿಗಾಲದ ಹಗಲು ಹತ್ತು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಅದರಲ್ಲಿ ಊಟ ವಿಶ್ರಾಂತಿಗಳಿಗೆ ಎರಡು ಗಂಟೆ ಕಳೆದು, ದಿಲ್ಲಿಯನ್ನು ಮೂರು ಸಲ ಅಡ್ಡಹಾಯ್ದರೆ, ನೋಡುವುದಕ್ಕೆ ಉಳಿಯುವ ಕಾಲ ಕಾರಿನ ಕಿಟಕಿಯೊಳಗಿಂದ ನೋಡಿದ ಕಾಲಕ್ಕಿಂತ ಹೆಚ್ಚೇನೂ ಆಗಿರದು. ಆದುದರಿಂದ ಒಂದು ಹಗಲಿಗೆ ಒಂದು ದಿಲ್ಲಿ, ಹೆಚ್ಚೆಂದರೆ ಒಂದಕ್ಕೊಂದು ಸೇರಿದ ಎರಡು.

ಯಾವುದನ್ನು ಆರಿಸಬೇಕೆಂದು ನನ್ನನ್ನು ಕೇಳಿದರೆ, ಮೊದಲ ಸಲ ಹೋಗುವ ಕನ್ನಡಿಗನಿಗೆ ನಾನು ಮೆಹ್ರೌಲಿಯನ್ನು ಹೇಳುತ್ತೇನೆ. ಕುತುಬ್ ಮಿನಾರಿನ ಎತ್ತರ 72.5 ಮೀಟರ್ ಎಂಬುದನ್ನೂ, ಕುತುಬುದ್ದೀನ್ ಐಬಕನು ಆರಂಭಿಸಿದ ಅದನ್ನು ಇಲ್ತಮಿಷನು ಮೇಲಕ್ಕೆತ್ತಿದನೆಂಬುದನ್ನೂ, ಸಿಡಿಲಿಗೆ ತುತ್ತಾದ ತುದಿಯನ್ನು ಫಿರೋಜ್ ಷಹನು 1368ರಲ್ಲಿ ಸರಿಪಡಿಸಿದನೆಂಬುದನ್ನೂ ಎಲ್ಲ ಗೈಡುಗಳೂ ಹೇಳುತ್ತಾರೆ. ಒಳಗಿನ ಮೆಟ್ಟಿಲುಗಳನ್ನು ಹತ್ತಲು ಅವಕಾಶವಿಲ್ಲ. 1981ರ ಡಿಸೆಂಬರಿನಲ್ಲಿ ಕತ್ತಲೆಯಲ್ಲಿ ನೂಕುನುಗ್ಗಲಾಗಿ, ಬಹುಪಾಲು ಶಾಲಾಮಕ್ಕಳೇ ಆಗಿದ್ದ 45 ಮಂದಿ ಪ್ರಾಣ ಕಳೆದುಕೊಂಡ ಬಳಿಕ ಅದನ್ನು ಮುಚ್ಚಲಾಯಿತು. ಆದರೆ ಗೋಪುರದ ಬುಡದಲ್ಲಿ ಕತ್ತನ್ನೆತ್ತಿ ನಿಂತು, ಛಾಯಾಚಿತ್ರ ತೆಗೆಸಿಕೊಂಡು ಹೊರಟುಬಿಡುವವರು ಆ ಆವರಣದಲ್ಲಿ ನಿಜವಾಗಿ ನಡೆದಿರುವುದೇನೆಂಬುದನ್ನು ಕಾಣದೆ ಹೋಗುತ್ತಾರೆ. ನಡೆದಿರುವುದು ಕಲ್ಲುಕುಟಿಗರ ವಿದ್ಯಾಭ್ಯಾಸ.

ಮಿನಾರಿನ ಪಕ್ಕದಲ್ಲಿರುವ ಕುವ್ವತುಲ್ ಇಸ್ಲಾಂ ಮಸೀದಿಯನ್ನು ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯಿಂದ ಕಟ್ಟಿದುದೆಂದು ಅದರ ಪೂರ್ವದ್ವಾರದ ಪಾರಸೀ ಶಾಸನವೇ ಹೇಳುತ್ತದೆ. ಅದರ ಮೊಗಸಾಲೆಯ ಕಂಬಗಳಲ್ಲಿ ಸರಪಣಿಯಿಂದ ತೂಗುವ ಘಂಟೆಗಳೂ ಪೂರ್ಣಕುಂಭಗಳೂ ಇಂದಿಗೂ ಉಳಿದಿವೆ. ನಮ್ಮ ಗುಡಿಗಳ ನವರಂಗಗಳಲ್ಲಿ ಬೆಳೆದ ಕಣ್ಣಿಗೆ ಅವುಗಳ ಪರಿಚಯವನ್ನು ಯಾರೂ ಮಾಡಿಕೊಡಬೇಕಾದುದಿಲ್ಲ, ಮೂರ್ತಿಗಳ ಮುಖಗಳು ಒಡೆದಿರುವುದನ್ನು ಕಂಡು ಆಗುವ ಸಂಕಟವನ್ನೂ ಯಾರೂ ಹೇಳಿಕೊಡಬೇಕಾದುದಿಲ್ಲ. ಆ ಕಂಬಸಾಲಿನ ಪಶ್ಚಿಮಕ್ಕೆ ಐಬಕನು ನಿಲ್ಲಿಸಿದ ದೊಡ್ಡ ಕಮಾನುಗಳ ಗೋಡೆಯಿದೆ. ಕಮಾನು ಕಟ್ಟಬೇಕೆಂದು ಅಪ್ಪಣೆ ಕೊಟ್ಟವರು ಹೊರಗಿನಿಂದ ಬಂದವರು. ಕಟ್ಟಿದವರು ಸ್ಥಳೀಯ ಶಿಲ್ಪಿಗಳು. ಅವರಿಗೆ ತಿಳಿದಿದ್ದ ವಿದ್ಯೆ ಕಂಬ ಮತ್ತು ತೊಲೆಗಳದು. ಆದುದರಿಂದ ಅವರು ಎರಡು ಕಡೆಗಳಿಂದಲೂ ಕಲ್ಲಿನ ವರಸೆಗಳನ್ನು ಒಂದಕ್ಕಿಂತ ಒಂದನ್ನು ಸ್ವಲ್ಪ ಮುಂಚಾಚಿ ಇಡುತ್ತ ಹೋಗಿ, ತುದಿಯಲ್ಲಿ ಕೂಡಿಸಿ, ಅಂಚನ್ನು ಬಾಗಾಗಿ ಕೆತ್ತಿ, ಕಮಾನಿನ ಆಕಾರವನ್ನು ಸಾಧಿಸಿದರು. ಆಕಾರ ಬಂದಿತು, ತತ್ತ್ವ ಬರಲಿಲ್ಲ. ಅದೇ ಆವರಣದಲ್ಲಿರುವ ಇಲ್ತಮಿಷನ ಸಮಾಧಿಗೆ ಈಗ ಗುಮ್ಮಟವಿಲ್ಲ; ಅದೇ ಮುಂಚಾಚುವ ಕ್ರಮದಲ್ಲಿ ಕಟ್ಟಿದ್ದು ನಿಲ್ಲಲಿಲ್ಲವೆಂದು ಊಹೆ. ಪಕ್ಕದ ಮೆಹ್ರೌಲಿ ಪುರಾತತ್ತ್ವ ಉದ್ಯಾನದಲ್ಲಿ, 1287ರಲ್ಲಿ ತೀರಿಕೊಂಡ ಬಲ್ಬನನ ಪಾಳುಬಿದ್ದ ಸಮಾಧಿಯುಂಟು. ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದು ನಿಲ್ಲುವ ನಿಜವಾದ ಕಮಾನು ಈ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಅಲ್ಲೆಂದು ವಿದ್ವಾಂಸರು ಎಣಿಸುತ್ತಾರೆ. ಮತ್ತೆ ಕುತುಬ್ ಆವರಣಕ್ಕೆ ಬಂದರೆ 1311ರ ಅಲಾಯಿ ದರ್ವಾಜಾ: ಕಮಾನು ಗುಮ್ಮಟಗಳೆರಡೂ ಯಾವ ಅಳುಕೂ ಇಲ್ಲದೆ ನಿಂತಿವೆ. ಒಂದು ಜನಾಂಗದ ಶಿಲ್ಪಿಗಳು ತಮಗೆ ಗೊತ್ತಿಲ್ಲದ ಒಂದು ವಿದ್ಯೆಯನ್ನು ನೂರು ವರ್ಷಗಳಿಗೆ ಸ್ವಲ್ಪ ಹೆಚ್ಚಿನ ಕಾಲದಲ್ಲಿ ಹೇಗೆ ಕರಗತಮಾಡಿಕೊಂಡರೆಂಬುದನ್ನು, ಪುಸ್ತಕದ ಸಹಾಯವಿಲ್ಲದೆ, ಕೆಲವು ನೂರು ಗಜಗಳ ನಡಿಗೆಯಲ್ಲಿ ಕಣ್ಣಾರೆ ಓದಬಹುದಾದ ಸ್ಥಳ ಅದು. ಇದನ್ನು ಕ್ರಮವಾಗಿ ತೋರಿಸಬಲ್ಲ ಗೈಡಿಗೆ ಎಷ್ಟು ಸಂಭಾವನೆ ಕೊಟ್ಟರೂ ನಷ್ಟವಿಲ್ಲ.

ಆ ದರ್ವಾಜೆಯ ಮುಂದೆ ಕನ್ನಡಿಗನಿಗೆ ನೆನಪಾಗಬೇಕಾದ ಇನ್ನೊಂದು ಸಂಗತಿಯಿದೆ. ಅದನ್ನು ಕಟ್ಟಿಸಿದವನು ಅಲ್ಲಾವುದ್ದೀನ್ ಖಿಲ್ಜಿ. ಅವನ ಸೇನಾನಿ ಮಲಿಕ್ ಕಾಫರನು ದೋರಸಮುದ್ರದ ಮೇಲೆ ದಂಡೆತ್ತಿ ಬಂದು ಮೂರನೆಯ ವೀರಬಲ್ಲಾಳನನ್ನು ಮಣಿಸಿದ್ದು ಅದೇ 1311ರಲ್ಲಿ. ಹಳೇಬೀಡಿನಿಂದ ಹೋದ ಧನವೇ ಈ ಕಲ್ಲಾಯಿತೆಂದು ನಾವು ಹೇಳಬೇಕಾದುದಿಲ್ಲ, ಗೈಡು ಹಾಗೆ ಹೇಳಿದರೆ ಆಧಾರವನ್ನು ಕೇಳತಕ್ಕದ್ದು. ಆದರೆ ಹೊಯ್ಸಳೇಶ್ವರನ ಗುಡಿಯ ಮುಂದೆ ನಿಂತು ಉತ್ತರದ ಸೈನ್ಯವೆಂಬ ಮಾತನ್ನು ಕೇಳಿದವನು, ಆ ಸೈನ್ಯ ಹೊರಟ ಊರಿನಲ್ಲಿ, ಅದನ್ನು ಕಳುಹಿಸಿದ ದೊರೆ ಕಟ್ಟಿಸಿದ ಬಾಗಿಲಲ್ಲಿ ನಿಂತಿರುವೆನೆಂಬ ಅರಿವಿನಿಂದ ಪಡೆಯುವ ಅನುಭವ ಬೇರೆಯೇ. ಮೇಲುಕೋಟೆಯ ಐತಿಹ್ಯವೂ ಹೀಗೆಯೇ. ಚೆಲುವಪಿಳ್ಳೆಯ ಉತ್ಸವಮೂರ್ತಿಯನ್ನು ಅರಸುತ್ತ ರಾಮಾನುಜಾಚಾರ್ಯರು ದಿಲ್ಲಿಗೆ ಹೋದರೆಂದೂ, ಮೂರ್ತಿಯನ್ನು ಬಿಟ್ಟಿರಲಾರದ ಬಾದಷಹನ ಕುಮಾರಿ ಅದರ ಹಿಂದೆಯೇ ಬಂದು ದೇವರಲ್ಲಿ ಐಕ್ಯಳಾಗಿ ಬೀಬಿ ನಾಚ್ಚಿಯಾರ್ ಎನಿಸಿದಳೆಂದೂ ನಮ್ಮ ಹಿರಿಯರು ಹೇಳುತ್ತಾರೆ. ಚರಿತ್ರೆಯ ಕಾಲಗಣನೆ ಇದನ್ನು ಒಪ್ಪುವುದಿಲ್ಲ. ಆಚಾರ್ಯರ ಕಾಲಕ್ಕೆ ದಿಲ್ಲಿಯಲ್ಲಿ ಸುಲ್ತಾನರಿರಲಿಲ್ಲ. ಆದರೂ ಆ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದ ಅಜ್ಜಿಯೊಬ್ಬರನ್ನು ದಿಲ್ಲಿಗೆ ಕರೆದೊಯ್ಯುವವರು, ಅವರ ದಿಲ್ಲಿ ಯಾವುದೆಂಬುದನ್ನು ಗೈಡಿಗೆ ಮೊದಲೇ ತಿಳಿಸಿದರೆ, ತೋಮರ ಚೌಹಾಣರ ಹಳೆಯ ಕೋಟೆಗೋಡೆಯ ಒಂದು ತುಣುಕನ್ನು ಅವರಿಗಾಗಿ ತೋರಿಸಿಯಾನು. ಇಚ್ಛಾನುಸಾರವೆಂಬುದಕ್ಕೆ ನಾನು ಕೊಡುವ ಅರ್ಥ ಇಂಥದು.

ಮೆಹ್ರೌಲಿಯಲ್ಲಿ ಇನ್ನೂ ನೋಡತಕ್ಕುವು ಅನೇಕ. ಮಸೀದಿಯ ಅಂಗಳದಲ್ಲಿರುವ ಕಬ್ಬಿಣದ ಸ್ತಂಭ 7 ಮೀಟರಿಗೆ ಸ್ವಲ್ಪ ಮಿಕ್ಕ ಎತ್ತರದ್ದು, 6 ಟನ್ನಿಗೂ ಹೆಚ್ಚು ತೂಕದ್ದು. ಚಂದ್ರನೆಂಬ ದೊರೆಯ ಶಾಸನವನ್ನು ಧರಿಸಿ ಗುಪ್ತರ ಕಾಲದಿಂದ ಮಳೆಬಿಸಿಲುಗಳಲ್ಲಿ ನಿಂತಿದ್ದರೂ ತುಕ್ಕಿಗೆ ಶರಣಾಗಿಲ್ಲ. ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಕಪದರವೊಂದು ಬೆಳೆದುದೇ ಕಾರಣವೆಂದು ಕಾನ್ಪುರದ ಐಐಟಿಯ ಲೋಹಶಾಸ್ತ್ರಜ್ಞ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ. ಜೊತೆಯಲ್ಲಿ ವಿಜ್ಞಾನದ ವಿದ್ಯಾರ್ಥಿಯಿದ್ದರೆ ಇಲ್ಲಿ ಆತುರ ಪಡಬಾರದು. ಪುರಾತತ್ತ್ವ ಉದ್ಯಾನಕ್ಕೆ ಪ್ರವೇಶಧನವಿಲ್ಲ, ಗುಂಪೂ ಇಲ್ಲ; ಲೋದಿಗಳ ಕಾಲದ ರಾಜೋಂ ಕೀ ಬಾವಲಿ ಎಂಬ ಮೆಟ್ಟಿಲುಬಾವಿಯೂ, ಕವಿ ಜಮಾಲಿಯ ಹೆಸರಿನ ಮಸೀದಿಯೂ ಸಮಾಧಿಯೂ ಮರಗಳ ನಡುವೆ ಶಾಂತವಾಗಿವೆ. ಬೆಳಗ್ಗೆ ಸೂರ್ಯೋದಯದ ಹೊತ್ತಿಗೆ ಕುತುಬ್ ಆವರಣದಲ್ಲಿದ್ದು, ಮಧ್ಯಾಹ್ನದವರೆಗೆ ಈ ಒಂದು ಪ್ರದೇಶವನ್ನೇ ನಡೆದು ನೋಡುವವರಿಗೆ ಅರ್ಧ ಹಗಲು ಹೋದುದೇ ತಿಳಿಯುವುದಿಲ್ಲ.

ಮತ್ತೊಂದು ಮಾರ್ಗ ಮೊಗಲರದು. ಅದರ ಗುಣವೇನೆಂದರೆ, ಒಂದು ವಂಶದ ಉದಯಾಸ್ತಗಳು ಯಮುನೆಯ ಹಳೆಯ ದಡದುದ್ದಕ್ಕೂ ಹೆಚ್ಚುಕಡಮೆ ಒಂದೇ ಸಾಲಿನಲ್ಲಿ ಬಿದ್ದಿವೆ. ಪುರಾನಾ ಕಿಲಾದ ಶೇರ್ ಮಂಡಲವೆಂಬ ಪುಟ್ಟ ಕಟ್ಟಡದಲ್ಲಿ ಹುಮಾಯೂನನ ಗ್ರಂಥಾಲಯವಿತ್ತು; 1556ರ ಜನವರಿಯಲ್ಲಿ ಅದರ ಮೆಟ್ಟಿಲುಗಳಿಂದ ಬಿದ್ದು ಅವನು ಸತ್ತನು. ಅಲ್ಲಿಂದ ಸ್ವಲ್ಪವೇ ದಕ್ಷಿಣಕ್ಕೆ, ಅವನ ವಿಧವೆ ಬೇಗಾ ಬೇಗಮಳು ಮಿರಾಕ್ ಮಿರ್ಜಾ ಘಿಯಾಸನೆಂಬ ಪಾರಸೀಕ ವಾಸ್ತುಶಿಲ್ಪಿಯಿಂದ ಕಟ್ಟಿಸಿದ ಸಮಾಧಿ. ಎತ್ತರವಾದ ಜಗತಿ, ನಾಲ್ಕಾಗಿ ಭಾಗಿಸಿದ ಉದ್ಯಾನ, ಕೆಂಪುಕಲ್ಲಿನ ಮೈಯಲ್ಲಿ ಬಿಳಿಯ ಅಮೃತಶಿಲೆಯ ರೇಖೆಗಳು, ಎರಡು ಪದರದ ಗುಮ್ಮಟ: ತಾಜಮಹಲಿನ ಕಲ್ಪನೆ ಎಲ್ಲಿ ಬೀಜರೂಪದಲ್ಲಿತ್ತೆಂಬುದು ಇಲ್ಲಿ ತಿಳಿಯುತ್ತದೆ. ಮೂರು ಶತಮಾನಗಳು ಕಳೆದಮೇಲೆ, 1857ರ ಸೆಪ್ಟೆಂಬರಿನಲ್ಲಿ, ದಿಲ್ಲಿ ಇಂಗ್ಲಿಷರ ವಶವಾದಾಗ ಕೊನೆಯ ಬಾದಷಹ ಬಹಾದುರ್ ಷಹ ಜಫರನು ಆಶ್ರಯವನ್ನರಸಿ ಬಂದು ಸೆರೆಸಿಕ್ಕಿದ್ದು ಇದೇ ಪೂರ್ವಜನ ಸಮಾಧಿಯಲ್ಲಿ. ಮರುವರ್ಷ ಅವನ ವಿಚಾರಣೆ ನಡೆದದ್ದು ಕೆಂಪುಕೋಟೆಯ ದಿವಾನ್-ಇ-ಖಾಸ್‌ನಲ್ಲಿ, ಅವನ ಸ್ವಂತ ಆಸ್ಥಾನಮಂಟಪದಲ್ಲಿ. ಶಿಕ್ಷೆ ರಂಗೂನಿಗೆ ಗಡೀಪಾರು. ಈ ಕ್ರಮದಲ್ಲಿ, ಅಂದರೆ ಪುರಾನಾ ಕಿಲಾ, ಸಮಾಧಿ, ಕೆಂಪುಕೋಟೆ ಎಂಬ ಕ್ರಮದಲ್ಲಿ ಹೋದರೆ ಸ್ಥಳಗಳು ತಾವೇ ಕಥೆಯನ್ನು ಹೇಳುತ್ತವೆ. ಬೆಳಗ್ಗೆ ಮೊದಲು ಕೆಂಪುಕೋಟೆ, ಮಧ್ಯಾಹ್ನ ಕುತುಬ್, ಸಂಜೆ ಹುಮಾಯೂನ್ ಎಂದು ತಿರುಗಿಸಿದರೆ ಅವೇ ಕಲ್ಲುಗಳು ಮೂಕವಾಗುತ್ತವೆ.

ಕೆಂಪುಕೋಟೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 1648ರಲ್ಲಿ ಷಹಜಹಾನನು ಪ್ರವೇಶಮಾಡಿದ ಅರಮನೆಯನ್ನು ಕಾಣುವೆವೆಂದು ಒಳಹೊಕ್ಕವರಿಗೆ ನಿರಾಶೆಯಾಗುತ್ತದೆ. 1857ರ ಬಳಿಕ ಇಂಗ್ಲಿಷರು ಒಳಗಿನ ಅಂತಃಪುರಗಳ ಬಹುಭಾಗವನ್ನು ಕೆಡವಿ, ಸೈನಿಕರ ಬ್ಯಾರಕ್ಕುಗಳನ್ನೆಬ್ಬಿಸಿದರು. ಈಗ ಉಳಿದಿರುವ ಮಂಟಪಗಳು ಒಂದು ದೊಡ್ಡ ವಾಕ್ಯದ ಬಿಡಿ ಪದಗಳು. ಆ ಬ್ಯಾರಕ್ಕುಗಳನ್ನು ಕುರೂಪವೆಂದು ತಿರಸ್ಕರಿಸಿ ಮುಂದೆ ಸಾಗುವ ಗೈಡುಗಳಿದ್ದಾರೆ. ಅವುಗಳಲ್ಲಿಯೂ ಚರಿತ್ರೆಯಿದೆ: ಆಜಾದ್ ಹಿಂದ್ ಫೌಜಿನ ಷಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನರ ವಿಚಾರಣೆ 1945ರ ಕೊನೆಯಲ್ಲಿ ಈ ಕೋಟೆಯೊಳಗೆ ನಡೆದಾಗ, ಅವರ ಪರವಾಗಿ ಭೂಲಾಭಾಯಿ ದೇಸಾಯಿಯವರು ವಾದಿಸಿದ್ದನ್ನು ದೇಶವೆಲ್ಲ ಕಿವಿಗೊಟ್ಟು ಕೇಳಿತು. ನೇತಾಜಿಯವರಿಗೂ ಆ ಸೈನ್ಯಕ್ಕೂ ಸಂಬಂಧಿಸಿದ ವಸ್ತುಸಂಗ್ರಹಾಲಯವು ಈಗ ಅಂಥ ಬ್ಯಾರಕ್ಕೊಂದರಲ್ಲಿದೆ.

ಕೋಟೆಯಿಂದ ಹೊರಬಿದ್ದು ಲಾಹೋರಿ ದರ್ವಾಜೆಗೆ ಎದುರಾಗಿ ನಡೆದರೆ ಚಾಂದನಿ ಚೌಕ. ಷಹಜಹಾನನ ಮಗಳು ಜಹಾನಾರಾ ಬೇಗಮಳು ರೂಪಿಸಿದ ಈ ಬೀದಿಯಲ್ಲಿ, ಒಂದೂವರೆ ಕಿಲೋಮೀಟರಿಗೂ ಕಡಮೆಯಾದ ದೂರದೊಳಗೆ, ಗಾಯಗೊಂಡ ಪಕ್ಷಿಗಳಿಗೆ ಆಸ್ಪತ್ರೆಯನ್ನು ನಡೆಸುತ್ತಿರುವ ದಿಗಂಬರ ಜೈನರ ಲಾಲ್ ಮಂದಿರ, ಗೌರೀಶಂಕರನ ಗುಡಿ, ಗುರು ತೇಗ್ ಬಹಾದುರರು 1675ರಲ್ಲಿ ಬಲಿದಾನಗೈದ ಸ್ಥಳದ ಶೀಶ್ ಗಂಜ್ ಗುರುದ್ವಾರ, ನಾದಿರ್ ಷಹನು 1739ರಲ್ಲಿ ಕುಳಿತು ನಗರದ ಹತ್ಯಾಕಾಂಡವನ್ನು ನೋಡಿದನೆಂದು ಹೇಳುವ ಸುನೇಹರಿ ಮಸೀದಿ, ತುದಿಯಲ್ಲಿ ಫತೇಪುರಿ ಮಸೀದಿ ಇವೆ. ಆಚೆಗೆ ಖಾರಿ ಬಾವಲಿಯ ಸಂಬಾರ ಪೇಟೆ. ಏಲಕ್ಕಿ, ಮೆಣಸು, ಒಣಮೆಣಸಿನಕಾಯಿಗಳ ಘಾಟು ಕಣ್ಣಲ್ಲಿ ನೀರು ಬರಿಸುತ್ತದೆ. ಬಲ್ಲೀಮಾರಾನಿನ ಓಣಿಯೊಂದರಲ್ಲಿ ಮಿರ್ಜಾ ಗಾಲಿಬರು ಕೊನೆಯ ದಿನಗಳನ್ನು ಕಳೆದ ಮನೆಯಿದೆ. ಹಗಲು ಹೊತ್ತಿನಲ್ಲಿ ಈ ಮುಖ್ಯಬೀದಿಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದುದರಿಂದ ನಡೆಯಬೇಕು, ಇಲ್ಲವೆ ಸೈಕಲ್ ರಿಕ್ಷಾ ಹತ್ತಬೇಕು. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ; ವ್ಯಾಪಾರಕ್ಕೆ ಬಂದವರಿಗೆ ಅದು ಅಡ್ಡಿ, ಆದರೆ ಹಳೆಯ ಹವೇಲಿಗಳ ಮುಖಗಳನ್ನೂ ಕೆತ್ತನೆಯ ಬಾಗಿಲುಗಳನ್ನೂ ತಲೆಯೆತ್ತಿ ನೋಡಬಯಸುವವರಿಗೆ ಅದಕ್ಕಿಂತ ಒಳ್ಳೆಯ ಬೆಳಗು ಇಲ್ಲ.

ಮೆಹ್ರೌಲಿಯನ್ನೂ ಷಹಜಹಾನಾಬಾದನ್ನೂ ಒಂದೇ ದಿನ ನೋಡಲೇಬೇಕೆಂಬ ಹಟವುಳ್ಳವರಿಗೆ ಒಂದು ಉಪಾಯವನ್ನು ಹೇಳುತ್ತೇನೆ: ಕಾರನ್ನು ಬಿಡಿ. ಪ್ರತ್ಯೇಕ ಪ್ರವಾಸವೆಂದರೆ ಪ್ರತ್ಯೇಕ ಕಾರೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ದಿಲ್ಲಿ ಮೆಟ್ರೋದ ಹಳದಿ ಮಾರ್ಗದಲ್ಲಿ ಕುತುಬ್ ಮಿನಾರ್ ನಿಲ್ದಾಣವೂ ಇದೆ, ಚಾಂದನಿ ಚೌಕ್ ನಿಲ್ದಾಣವೂ ಇದೆ. ನಡುವೆ ಬಂಡಿ ಬದಲಾಯಿಸಬೇಕಾದುದಿಲ್ಲ. ಸುಮಾರು ಮುಕ್ಕಾಲು ಗಂಟೆಯಲ್ಲಿ ಹನ್ನೆರಡನೆಯ ಶತಮಾನದಿಂದ ಹದಿನೇಳನೆಯದಕ್ಕೆ ಬಂದು ಇಳಿಯಬಹುದು. ಗೈಡೂ ಜೊತೆಯಲ್ಲೇ ಕುಳಿತು ಬರಬಲ್ಲನು. ಬಾಡಿಗೆ ಕಾರಿನ ಹಣದಲ್ಲಿ ಅರ್ಧ ಉಳಿದರೂ ಅದನ್ನು ಅವನ ಸಂಭಾವನೆಗೆ ಸೇರಿಸುವುದು ಲೇಸು.

ಹೊಸದಿಲ್ಲಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲುಟ್ಯೆನ್ಸ್ ಮತ್ತು ಬೇಕರರ ಭವನಗಳು ಭವ್ಯವಾದುವು, ದೂರದಿಂದ ನೋಡಿದರೂ ಅವುಗಳ ಉದ್ದೇಶ ನೆರವೇರುತ್ತದೆ. ಆದರೆ ಆ ಭಾಗದಲ್ಲಿ ತೀಸ್ ಜನವರಿ ಮಾರ್ಗದ ಗಾಂಧೀ ಸ್ಮೃತಿಯನ್ನು ಮಾತ್ರ ಬಿಡಬಾರದೆಂದು ನನ್ನ ಪ್ರಾರ್ಥನೆ. ಮಹಾತ್ಮರು ತಮ್ಮ ಬಾಳಿನ ಕೊನೆಯ 144 ದಿನಗಳನ್ನು ಕಳೆದ ಬಿರ್ಲಾ ಭವನ ಅದು. ಕೊಠಡಿಯಿಂದ ಪ್ರಾರ್ಥನಾಸ್ಥಳದವರೆಗೆ 1948ರ ಜನವರಿ 30ರ ಸಂಜೆ ಅವರು ನಡೆದ ದಾರಿಯನ್ನು ಹೆಜ್ಜೆಯ ಗುರುತುಗಳಿಂದ ತೋರಿಸಿದ್ದಾರೆ. ರಾಜಘಾಟಿಗೆ ಎಲ್ಲರೂ ಹೋಗುತ್ತಾರೆ. ಇಲ್ಲಿಗೆ ಬರುವವರು ಕಡಮೆ. ಇಲ್ಲಿ ಗೈಡಿನ ವಿವರಣೆ ಬೇಕಿಲ್ಲ. ಅವನು ಹೊರಗೆ ಕಾಯುವುದೇ ಉಚಿತ.

ಇನ್ನು ಗೈಡಿನ ವಿಚಾರ. ಇಡೀ ದಿನದ ಸಾಫಲ್ಯ ಈ ಒಬ್ಬ ವ್ಯಕ್ತಿಯನ್ನು ಆಶ್ರಯಿಸಿರುವುದರಿಂದ ಇದರಲ್ಲಿ ಸಂಕೋಚ ಸಲ್ಲದು. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ವಿವರಣೆ ಕೊಡುವವರಿಗೆ ಸರ್ಕಾರದ ಪರವಾನಗಿ ಇರತಕ್ಕದ್ದು, ಅದರ ಗುರುತಿನ ಚೀಟಿಯನ್ನು ಕೇಳಿ ನೋಡುವುದು ಅವಮಾನಕರವಲ್ಲ. ಆದರೆ ಚೀಟಿಯೊಂದೇ ವಿದ್ಯೆಯನ್ನು ತಿಳಿಸದು. ಗೊತ್ತುಮಾಡುವ ಮುನ್ನ ಫೋನಿನಲ್ಲಿ ಹತ್ತು ನಿಮಿಷ ಮಾತಾಡಬೇಕು. ನಿಮಗೆ ಪ್ರಿಯವಾದ ಸ್ಥಳ ಯಾವುದು, ಅಲ್ಲಿ ಏನನ್ನು ತೋರಿಸುವಿರಿ ಎಂದು ಕೇಳಬೇಕು. ಎಲ್ಲವೂ ಪ್ರಿಯವೆನ್ನುವವನಿಗಿಂತ, ಇಂಥ ಸಮಾಧಿಯ ಒಳಗೋಡೆಯಲ್ಲಿ ಇಂಥ ಕೆತ್ತನೆಯಿದೆ, ಅದನ್ನು ಬೆಳಗಿನ ಬೆಳಕಿನಲ್ಲಿ ನೋಡಬೇಕು ಎನ್ನುವವನು ಮೇಲು. ಒಂದು ದಿನದಲ್ಲಿ ಹತ್ತು ಸ್ಥಳಗಳನ್ನು ತೋರಿಸುವೆನೆಂದು ಮಾತುಕೊಡುವವನನ್ನು ವಿನಯದಿಂದ ಬಿಟ್ಟುಬಿಡಬೇಕು. ಹೀಗೆ ಮಾಡಿದರೆ ಹೀಗಾಗುತ್ತದೆ, ಆ ಸ್ಥಳ ಬೇಡ ಎಂದು ನಿಮ್ಮ ಪಟ್ಟಿಯಿಂದ ಒಂದನ್ನು ಹೊಡೆದುಹಾಕಲು ಧೈರ್ಯವುಳ್ಳವನು ಸಿಕ್ಕಿದರೆ ಅವನನ್ನು ಕೈಬಿಡಬಾರದು.

ಅಂಗಡಿಗಳ ಮಾತನ್ನೂ ಆಗಲೇ ಆಡಿಬಿಡುವುದು ಕ್ಷೇಮ. ಮಧ್ಯಾಹ್ನದ ಹೊತ್ತಿಗೆ ರತ್ನಗಂಬಳಿಯ ಎಂಪೋರಿಯಂ ಒಂದರ ಮುಂದೆ ಕಾರು ನಿಲ್ಲುವುದು, ಐದು ನಿಮಿಷವೆಂದು ಒಳಗೆ ಕರೆದೊಯ್ದು ಒಂದು ಗಂಟೆ ಕೂಡಿಸುವುದು ಉತ್ತರದ ಪ್ರವಾಸಸ್ಥಳಗಳಲ್ಲೆಲ್ಲ ಹಳೆಯ ಸಂಗತಿ; ಅಲ್ಲಿನ ವ್ಯಾಪಾರದಿಂದ ಬರುವ ಕಮಿಷನ್ನು ಕಡಮೆ ಸಂಭಾವನೆಯ ಕೊರತೆಯನ್ನು ತುಂಬುತ್ತದೆ. ಆದುದರಿಂದ ತಪ್ಪನ್ನು ಗೈಡುಗಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ದಿನದ ಸಂಭಾವನೆಯನ್ನು ಚೌಕಾಸಿ ಮಾಡದೆ ಪೂರ್ಣವಾಗಿ ಕೊಟ್ಟು, ಅಂಗಡಿ ಬೇಡವೆಂದು ಮೊದಲೇ ಸ್ಪಷ್ಟವಾಗಿ ಹೇಳಿದರೆ ಇಬ್ಬರಿಗೂ ಗೌರವ ಉಳಿಯುತ್ತದೆ. ಭಾಷೆಯ ವಿಚಾರವಾಗಿ ಹೇಳುವುದಾದರೆ, ದಿಲ್ಲಿಯಲ್ಲಿ ಫ್ರೆಂಚ್, ಜಪಾನೀ ಭಾಷೆಗಳಲ್ಲಿ ವಿವರಿಸುವ ಗೈಡುಗಳು ಸಿಕ್ಕುತ್ತಾರೆ. ಕನ್ನಡದಲ್ಲಿ ವಿವರಿಸುವವರು ಅಪರೂಪ. ಹಿಂದಿ ಇಂಗ್ಲಿಷುಗಳನ್ನು ಅರಿಯದ ಹಿರಿಯರು ಜೊತೆಯಲ್ಲಿದ್ದರೆ, ಮನೆಯವರೊಬ್ಬರು ಅವರಿಗೆ ಕನ್ನಡದಲ್ಲಿ ತಿಳಿಸುತ್ತಿರಬೇಕು. ಪ್ರತಿ ಸ್ಥಳಕ್ಕೂ ಆ ಎರಡನೆಯ ಹೇಳಿಕೆಯ ಕಾಲವನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಹಿರಿಯರು ಏನೂ ತಿಳಿಯದೆ ಬೆಂಚಿನ ಮೇಲೆ ಕುಳಿತಿರುವ ಪ್ರವಾಸವನ್ನು ಕುಟುಂಬದ ಪ್ರವಾಸವೆನ್ನಲಾಗದು.

ಮಂಡಿನೋವುಳ್ಳವರಿದ್ದರೆ ಕುತುಬ್ ಆವರಣ ಬಹುಮಟ್ಟಿಗೆ ಸಮತಟ್ಟಾಗಿದ್ದು ಅನುಕೂಲ. ಜಾಮಾ ಮಸೀದಿಯ ಮಹಾಸೋಪಾನವೂ ಹುಮಾಯೂನನ ಸಮಾಧಿಯ ಜಗತಿಯ ಕಡಿದಾದ ಮೆಟ್ಟಿಲುಗಳೂ ಕಷ್ಟ. ಅಂಥವರು ಸಮಾಧಿಯ ಉದ್ಯಾನದಲ್ಲಿ ನೆರಳು ಹಿಡಿದು ಕುಳಿತು ನೋಡಬಹುದು, ಅಥವಾ ಪಕ್ಕದ ಸುಂದರ್ ನರ್ಸರಿಯಲ್ಲಿ ಊಟದ ಬಳಿಕ ವಿಶ್ರಮಿಸಬಹುದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಪ್ರವೇಶ ಉಚಿತ. ಏಪ್ರಿಲಿನಿಂದ ಜೂನಿನವರೆಗೆ ಬಿಸಿಲು 40 ಡಿಗ್ರಿಯನ್ನು ಮೀರುವುದರಿಂದ ನಡುಹಗಲನ್ನು ನೆರಳಿಗೇ ಬಿಟ್ಟುಕೊಡಬೇಕು; ನವೆಂಬರಿನಲ್ಲಿ ಹೊಗೆ, ಡಿಸೆಂಬರ್ ಜನವರಿಗಳಲ್ಲಿ ಮಂಜು. ಫೆಬ್ರವರಿ, ಮಾರ್ಚಿನ ಮೊದಲ ಭಾಗಗಳೇ ಸೊಗಸು. ಸ್ವಾತಂತ್ರ್ಯೋತ್ಸವಕ್ಕೆ ಮುಂಚಿನ ದಿನಗಳಲ್ಲಿ ಕೆಂಪುಕೋಟೆ ಪ್ರವಾಸಿಗಳಿಗೆ ಮುಚ್ಚಿರುತ್ತದೆ. ಗಣರಾಜ್ಯೋತ್ಸವದ ತಾಲೀಮಿನ ದಿನಗಳಲ್ಲಿ ನಗರದ ನಡುವಣ ರಸ್ತೆಗಳನ್ನು ತಡೆದಿರುತ್ತಾರೆ. ಜಾಮಾ ಮಸೀದಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಶುಕ್ರವಾರ ಮಧ್ಯಾಹ್ನ ಅತ್ತ ಹೋಗಲೇಬಾರದು.

ಎಲ್ಲಕ್ಕಿಂತ ಮೊದಲು ವಾರವನ್ನು ನೋಡಿಕೊಳ್ಳಿರಿ. ಕೆಂಪುಕೋಟೆ, ಗಾಂಧೀ ಸ್ಮೃತಿ, ಅಕ್ಷರಧಾಮ, ಲೋಟಸ್ ಟೆಂಪಲ್, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಈ ಎಲ್ಲಕ್ಕೂ ಸೋಮವಾರ ರಜೆ. ನಿಮಗೆ ದೊರೆತ ಒಂದೇ ದಿನ ಸೋಮವಾರವಾದರೆ ಕೊರಗಬೇಡಿರಿ. ಕುತುಬ್ ಆವರಣವೂ ಹುಮಾಯೂನನ ಸಮಾಧಿಯೂ ವಾರದ ಏಳು ದಿನವೂ ತೆರೆದಿರುತ್ತವೆ.